ಬೆಂಗಳೂರಿನಲ್ಲಿ ಕುದುರೆ ಸವಾರಿ: ಒಳ್ಳೆಯ ಜಾಗ ಹುಡುಕುವುದರಿಂದ ಮೊದಲ ಪಾಠಗಳವರೆಗೆ

ಬೆಂಗಳೂರಿನಲ್ಲಿ ಕುದುರೆ ಸವಾರಿ ಕಲಿಯಬೇಕು ಅನ್ನುವವರ ಮೊದಲ ಪ್ರಶ್ನೆ "ಎಲ್ಲಿಗೆ ಹೋಗೋದು?" ಫೋನಿನ ಮ್ಯಾಪ್‌ನಲ್ಲಿ ಹುಡುಕಿದರೆ ದೇವನಹಳ್ಳಿ ಕಡೆಯಿಂದ ಕನಕಪುರ ರಸ್ತೆಯವರೆಗೆ ಸಾಲುಸಾಲಾಗಿ ಹೆಸರುಗಳು ಬರುತ್ತವೆ. ಜಾಗಕ್ಕೇನೂ ಬರ ಇಲ್ಲ. ಯಾವ ಜಾಗವನ್ನು ನಂಬಬಹುದು, ಎಲ್ಲಿ ಮಗುವನ್ನು ಧೈರ್ಯವಾಗಿ ಕುದುರೆ ಮೇಲೆ ಕೂರಿಸಬಹುದು ಅನ್ನುವುದನ್ನು ಮಾತ್ರ ಮ್ಯಾಪ್ ಹೇಳುವುದಿಲ್ಲ.

ಲಾಯಗಳಲ್ಲಿ ಓಡಾಡಿದ ಮೇಲೆ ನಾನು ನೆಚ್ಚಿಕೊಂಡಿರುವ ಅಳತೆ ಒಂದೇ. ಕುದುರೆ ನೆಮ್ಮದಿಯಾಗಿರುವ ಕಡೆ ಸವಾರನೂ ಕ್ಷೇಮ. ಹೊಟ್ಟೆಗೆ ಸರಿಯಾಗಿ ಬೀಳದ, ಬೆನ್ನು ನೋಯುವ, ಬೆಳಗಿನಿಂದ ಸಂಜೆವರೆಗೆ ದುಡಿದು ಬೇಸತ್ತ ಕುದುರೆ ಒಂದಲ್ಲ ಒಂದು ದಿನ ಒದೆಯುತ್ತದೆ, ಕಚ್ಚುತ್ತದೆ, ಇಲ್ಲಾ ಬೀಳಿಸುತ್ತದೆ. ಹಾಗಾಗಿ ಈ ಬರಹದಲ್ಲಿ ಯಾವ ಜಾಗ ಅನ್ನುವುದಕ್ಕಿಂತ, ಹೋದ ಜಾಗದಲ್ಲಿ ಏನನ್ನು ನೋಡಬೇಕು ಅನ್ನುವುದೇ ಜಾಸ್ತಿ ಇದೆ.

ಮೊದಲು, ನಿಮಗೆ ಬೇಕಿರುವುದೇನು?

ರಜೆಯ ದಿನ ಒಂದರ್ಧ ಗಂಟೆ ಕುದುರೆ ಮೇಲೆ ಕೂತು ಬರಬೇಕೋ, ಅಥವಾ ಸವಾರಿ ಕಲಿಯಬೇಕೋ? ಎರಡೂ ಬೇರೆ ಬೇರೆ ಜಾಗ ಕೇಳುತ್ತವೆ. ಮೊದಲನೆಯದಕ್ಕೆ ಶಾಂತ ಸ್ವಭಾವದ ಕುದುರೆ, ಅದರ ಲಗಾಮು ಹಿಡಿದು ಜೊತೆಗೆ ನಡೆಯುವ ಒಬ್ಬ ಮನುಷ್ಯ ಇದ್ದರೆ ಸಾಕು. ಊರಾಚೆಯ ಸಣ್ಣ ಫಾರ್ಮ್‌ಗಳು ಇದನ್ನು ಚೆನ್ನಾಗಿಯೇ ಮಾಡುತ್ತವೆ. ಎರಡನೆಯದಕ್ಕೆ ಮರಳು ಹಾಸಿದ ಅರೀನಾ (ಸವಾರಿ ಅಂಗಳ), ಪಾಠ ಹೇಳಲು ಬರುವ ತರಬೇತುದಾರ, ನಿಮ್ಮ ಮಟ್ಟಕ್ಕೆ ತಕ್ಕಂತೆ ಬದಲಿಸಿ ಕೊಡಲು ನಾಲ್ಕಾರು ಕುದುರೆಗಳು ಬೇಕು.

ಕಲಿಯಬೇಕು ಅಂತ ತೀರ್ಮಾನ ಮಾಡಿದರೆ ದೂರದ ಲೆಕ್ಕ ಮೊದಲು ಹಾಕಿ. ವಾರಕ್ಕೆ ಎರಡು ಪಾಠವಾದರೂ ಇದ್ದರೆ ಮೈ ಕಲಿತಿದ್ದನ್ನು ಉಳಿಸಿಕೊಳ್ಳುತ್ತದೆ. ವಾರಕ್ಕೊಂದು, ಅದೂ ಮಧ್ಯೆ ತಪ್ಪಿದರೆ, ಪ್ರತಿ ಸಲ ಮೊದಲಿಂದ ಶುರು. ಜೆಪಿ ನಗರದಲ್ಲಿ ಮನೆ ಇಟ್ಟುಕೊಂಡು ಸಂಜೆ ಐದಕ್ಕೆ ಹೆಬ್ಬಾಳ ಫ್ಲೈಓವರ್ ದಾಟಿ ಪಾಠಕ್ಕೆ ಹೋಗುತ್ತೇನೆ ಅನ್ನುವ ಉತ್ಸಾಹ ತಿಂಗಳು ದಾಟುವುದು ಕಷ್ಟ. ಸಾಧಾರಣ ಶಾಲೆ ಹತ್ತಿರ ಇದ್ದು, ಅತ್ಯುತ್ತಮ ಶಾಲೆ ಬಹಳ ದೂರ ಇದ್ದರೆ, ಹತ್ತಿರದ್ದರಲ್ಲೇ ಶುರು ಮಾಡುವುದು ಒಳ್ಳೆಯದು. ಒಂದೇ ಷರತ್ತು, ಅಲ್ಲಿ ಕುದುರೆಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿರಬೇಕು.

ನಗರದ ಒಳಗೆ, ಹೊರಗೆ: ಎಲ್ಲೆಲ್ಲಿ ಹುಡುಕಬೇಕು

ಬೆಂಗಳೂರಿಗೆ ಕುದುರೆ ಮೂರು ದಾರಿಯಲ್ಲಿ ಬಂದಿದೆ: ಸೇನೆ, ರೇಸು, ಖಾಸಗಿ ಹವ್ಯಾಸ. ಈಗಿನ ಸವಾರಿ ಶಾಲೆಗಳೂ ಈ ಮೂರರ ಸುತ್ತಲೇ ಇವೆ.

ಸೇನೆಯದು ಹಳೆಯ ನಂಟು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾ ಪಟ್ಟಣವನ್ನು ಗೆದ್ದ ಅಶ್ವಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಆ ಪಡೆಯ ಸ್ಮಾರಕ ಜೆಸಿ ನಗರದಲ್ಲಿ ಇವತ್ತಿಗೂ ಇದೆ. ಕಂಟೋನ್ಮೆಂಟಿನ ಆ ಪರಂಪರೆ ಈಗ ಮುಂದುವರಿದಿರುವುದು ಆಸ್ಟಿನ್ ಟೌನ್ ಪಕ್ಕದ ಅಗರಂನಲ್ಲಿ. ಅಲ್ಲಿ ಸೇನೆಯ ಸರಬರಾಜು ವಿಭಾಗವಾದ ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಕೇಂದ್ರದ ರೈಡಿಂಗ್ ಮತ್ತು ಪೋಲೋ ಶಾಲೆ ಇದೆ. ಸೇನೆಯ ಜಾಗ ಆದ್ದರಿಂದ ಶಿಸ್ತು ಬಿಗಿ, ಗೇಟಿನಲ್ಲಿ ಗುರುತಿನ ಚೀಟಿ ಬೇಕು. ಸಾರ್ವಜನಿಕರಿಗೆ ಈಗ ಪ್ರವೇಶ ಇದೆಯಾ, ಯಾವ ತಿಂಗಳು ಹೊಸಬರನ್ನು ಸೇರಿಸಿಕೊಳ್ಳುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ.

ರೇಸಿನ ದಾರಿ ಮೆಜೆಸ್ಟಿಕ್‌ನಿಂದ ಹೆಚ್ಚು ದೂರವಿಲ್ಲ. 1921ರಲ್ಲಿ ಶುರುವಾದ ಬೆಂಗಳೂರು ಟರ್ಫ್ ಕ್ಲಬ್‌ನ ಆವರಣದಲ್ಲೇ "ಬಾರಿ" ಅಂತ ಕರೆಯುವ ಅಮೆಚೂರ್ ರೈಡರ್ಸ್ ಸಂಸ್ಥೆ ಬಹಳ ಕಾಲದಿಂದ ಸವಾರಿ ಕಲಿಸಿದೆ. ಊರಿನ ನಡುಮಧ್ಯೆ, ಬಸ್ಸು ಮೆಟ್ರೋ ಹಿಡಿದು ಹೋಗಬಹುದಾದ ಕಡೆ ಸವಾರಿ ಶಾಲೆ ಇರುವುದು ನಮ್ಮ ಭಾಗ್ಯವೇ ಸರಿ. ರೇಸ್ ಕುದುರೆಗಳ ಸಾಲಿನಲ್ಲಿ ಕುಣಿಗಲ್ ಸ್ಟಡ್ ಫಾರ್ಮ್ ಹೆಸರೂ ಕೇಳಿರುತ್ತೀರಿ. ಹೈದರ್–ಟಿಪ್ಪು ಕಾಲದ ಸೈನ್ಯದ ಕುದುರೆಗಳ ಜೊತೆ ಆ ಜಾಗದ ಹೆಸರು ಸೇರಿಕೊಂಡಿದೆ. ಆದರೆ ಅದು ರೇಸ್ ಕುದುರೆಗಳ ತಳಿ ಬೆಳೆಸಿದ ಜಾಗ. ಸವಾರಿ ಆಸೆ ಇಟ್ಟುಕೊಂಡು ಅಲ್ಲಿಗೆ ಹೋಗಬೇಡಿ.

ಮೂರನೆಯದು ಖಾಸಗಿ ಶಾಲೆಗಳು. ಇವುಗಳಲ್ಲಿ ದೊಡ್ಡದು 1996ರಲ್ಲಿ ಶುರುವಾದ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್. ಬಳ್ಳಾರಿ ರಸ್ತೆಯಿಂದ ಒಳಗೆ, ಬೆಟ್ಟಹಲಸೂರು–ತರಹುಣಸೆ ಭಾಗದಲ್ಲಿದೆ. ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿರುವ ಜಾಗ. ಬೆಂಗಳೂರಿನ ಫವಾದ್ ಮಿರ್ಜಾ ಈ ಸಂಸ್ಥೆಯ ಬೆಂಬಲದಲ್ಲೇ ಬೆಳೆದು 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ (ಮೂರು ಬಗೆಯ ಸವಾರಿ ಪರೀಕ್ಷೆಗಳು ಸೇರಿದ ಸ್ಪರ್ಧೆ) ವಿಭಾಗದ ವೈಯಕ್ತಿಕ ಬೆಳ್ಳಿ ಗೆದ್ದರು, ತಂಡಕ್ಕೂ ಬೆಳ್ಳಿ ಬಂತು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸೆನ್ಯೂರ್ ಮೆಡಿಕಾಟ್ ಅನ್ನುವ ಕುದುರೆ ಮೇಲೆ 23ನೇ ಸ್ಥಾನಕ್ಕೆ ಬಂದರು. ಮಗನೋ ಮಗಳೋ ಮುಂದೆ ಸ್ಪರ್ಧೆಗೆ ಇಳಿಯಬೇಕು ಅನ್ನುವ ಆಸೆ ಇದ್ದರೆ ಇಂಥ ಕಡೆ ಒಮ್ಮೆ ಹೋಗಿ ನೋಡಲೇಬೇಕು.

ಇದಲ್ಲದೆ ದೇವನಹಳ್ಳಿ, ಯಲಹಂಕದ ಆಚೆ, ಸರ್ಜಾಪುರ ಮತ್ತು ಕನಕಪುರ ರಸ್ತೆಗಳ ಕಡೆ ಸಣ್ಣ ಫಾರ್ಮ್‌ಗಳು ಹುಟ್ಟುತ್ತಲೂ ಇರುತ್ತವೆ, ಮುಚ್ಚುತ್ತಲೂ ಇರುತ್ತವೆ. ಬಾಡಿಗೆ ಜಾಗದಲ್ಲಿ ನಡೆಯುವುದರಿಂದ ಒಂದು ವರ್ಷ ಇದ್ದದ್ದು ಮರುವರ್ಷ ಬೇರೆ ಕಡೆ ಹೋಗಿರುತ್ತದೆ. ಮ್ಯಾಪ್‌ನಲ್ಲಿ ನಕ್ಷತ್ರ ಎಷ್ಟು ಅಂತ ನೋಡುವುದಕ್ಕಿಂತ ಅಭಿಪ್ರಾಯಗಳ ತಾರೀಖು ನೋಡಿ. ಜನ ಹಾಕಿದ ಫೋಟೋಗಳನ್ನು ದೊಡ್ಡದು ಮಾಡಿ ಮೂರು ವಿಷಯ ಗಮನಿಸಿ: ಸವಾರರ ತಲೆ ಮೇಲೆ ಹೆಲ್ಮೆಟ್ ಇದೆಯಾ, ಕುದುರೆಯ ಪಕ್ಕೆಲುಬು ಎದ್ದು ಕಾಣುತ್ತಾ, ಕಾಲಲ್ಲಿ ಚಪ್ಪಲಿ ಹಾಕಿಕೊಂಡವರನ್ನು ಹತ್ತಿಸಿದ್ದಾರಾ. ಅರ್ಧ ಪಟ್ಟಿ ಅಲ್ಲೇ ಕಮ್ಮಿಯಾಗುತ್ತದೆ.

ಕಾಲೇಜು ವಿದ್ಯಾರ್ಥಿಗಳಿಗೆ ಇನ್ನೊಂದು ಬಾಗಿಲು ಇದೆ. ಹೆಚ್ಚಿನವರಿಗೆ ಗೊತ್ತೇ ಇಲ್ಲ. ಎನ್‌ಸಿಸಿಯಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಅನ್ನುವ, ಕುದುರೆ ಮತ್ತು ಪಶುವೈದ್ಯಕೀಯಕ್ಕೆ ಸೇರಿದ ವಿಭಾಗ ಇದೆ. ಬೆಂಗಳೂರಿನಲ್ಲಿ ಅದರ ಘಟಕ ಹೆಬ್ಬಾಳದಲ್ಲಿದೆ. ಅಲ್ಲಿ ಸೇರಿದ ಕೆಡೆಟ್‌ಗಳಿಗೆ ಸವಾರಿ ತರಬೇತಿಯ ಭಾಗವೇ. ಕುದುರೆಯ ಮೈ ಉಜ್ಜುವುದು, ಗೊರಸು ಶುಚಿ ಮಾಡುವುದು, ಲಾಯ ಗುಡಿಸುವುದು ಎಲ್ಲ ಕಲಿಯುತ್ತಾರೆ. ದುಡ್ಡು ಇಲ್ಲ, ಆಸೆ ಬಹಳ ಇದೆ ಅನ್ನುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಫೋನ್ ಮಾಡಿದಾಗ

ದರ ಕೇಳುವ ಮೊದಲು ಬೇರೆ ನಾಲ್ಕು ಮಾತು ಕೇಳಿ. ಹೊಸಬರಿಗೆ ಯಾವ ಕುದುರೆ ಕೊಡುತ್ತೀರಿ? ಒಂದು ಪಾಠದಲ್ಲಿ ಎಷ್ಟು ಜನ ಇರುತ್ತಾರೆ? ಒಂದು ಕುದುರೆ ದಿನಕ್ಕೆ ಎಷ್ಟು ಪಾಠ ಮಾಡುತ್ತದೆ? ಸವಾರರ ತೂಕಕ್ಕೆ ಮಿತಿ ಇದೆಯಾ?

ಕೊನೆಯ ಪ್ರಶ್ನೆಗೆ "ಹಾಗೇನಿಲ್ಲ ಸರ್, ಯಾರು ಬೇಕಾದ್ರೂ ಹತ್ತಬಹುದು" ಅಂತ ಉತ್ತರ ಬಂದರೆ ಆ ಜಾಗ ಬಿಟ್ಟುಬಿಡಿ. ಕುದುರೆ ತನ್ನ ತೂಕದ ಸುಮಾರು ಶೇ. 20ರಷ್ಟು ಹೊರಬಹುದು ಅನ್ನುವುದು ಸವಾರಿ ಲೋಕದಲ್ಲಿ ಎಲ್ಲರೂ ಇಟ್ಟುಕೊಂಡಿರುವ ಅಂದಾಜು. 450 ಕೆಜಿ ಕುದುರೆಗೆ ಅದು 90 ಕೆಜಿ. ಅದರಲ್ಲಿ ಜೀನಿನ (ಸವಾರ ಕೂರಲು ಕುದುರೆಯ ಬೆನ್ನಿಗೆ ಹಾಕುವ ಆಸನ) ತೂಕವೇ ಏಳೆಂಟು ಕೆಜಿ ಇರುತ್ತದೆ. ಸಣ್ಣ ಕುದುರೆಯಾದರೆ ಲೆಕ್ಕ ಇನ್ನೂ ಇಳಿಯುತ್ತದೆ. ನಮ್ಮ ಕಾನೂನಿನಲ್ಲೂ ಇದಕ್ಕೊಂದು ಸುಳಿವು ಇದೆ. 1965ರ ಹೊರೆ ಪ್ರಾಣಿಗಳ ನಿಯಮಗಳಲ್ಲಿ ಪೋನಿಯ, ಅಂದರೆ ಗಿಡ್ಡ ಕುದುರೆಯ, ಬೆನ್ನಿನ ಮೇಲಿನ ಹೊರೆಗೆ 70 ಕೆಜಿ ಮಿತಿ ಹಾಕಿದ್ದಾರೆ. ನಿಮ್ಮ ತೂಕ ಜಾಸ್ತಿ ಇದ್ದರೆ ಸಂಕೋಚ ಬೇಡ, ನೇರವಾಗಿ ಹೇಳಿ. ಒಳ್ಳೆಯ ಶಾಲೆ ತಕ್ಕ ಕುದುರೆ ಕೊಡುತ್ತದೆ, ಇಲ್ಲವಾದರೆ ಇಲ್ಲ ಅಂತ ಹೇಳುತ್ತದೆ.

ವಾರದ ರಜೆ ಯಾವ ದಿನ ಅಂತಲೂ ಕೇಳಿಕೊಳ್ಳಿ. ಬಹಳ ಕಡೆ ಸೋಮವಾರ ಕುದುರೆಗಳಿಗೆ ರಜೆ. ರಜೆಯೇ ಇಲ್ಲದ ಲಾಯ ಅಂದರೆ ಅಲ್ಲಿನ ಕುದುರೆಗಳ ಗತಿ ಏನು ಅಂತ ಯೋಚಿಸಿ.

ಹತ್ತುವ ಮೊದಲು ಒಮ್ಮೆ ಸುಮ್ನೆ ಹೋಗಿ ಬನ್ನಿ

ಇದು ಇಡೀ ಹುಡುಕಾಟದ ಮುಖ್ಯ ಹಂತ. ಪಾಠಕ್ಕೆ ದುಡ್ಡು ಕಟ್ಟದೆ, "ನೋಡಿಕೊಂಡು ಹೋಗ್ತೀವಿ" ಅಂತ ಹೇಳಿ ಬೆಳಿಗ್ಗೆ ಆರೂವರೆ ಹೊತ್ತಿಗೆ ಹೋಗಿ. ಒಳಗೆ ಬಿಡುವುದಿಲ್ಲ, ಲಾಯ ತೋರಿಸುವುದಿಲ್ಲ ಅಂದರೆ ಉತ್ತರ ಅಲ್ಲೇ ಸಿಕ್ಕಿತು.

ಮೊದಲು ಕುದುರೆಯ ಮುಂದೆ ಹುಲ್ಲು ಇದೆಯಾ ನೋಡಿ. ಕುದುರೆಯ ಹೊಟ್ಟೆ ಹಸುವಿನ ಹೊಟ್ಟೆಯಂತಲ್ಲ. ಜಠರ ಚಿಕ್ಕದು, ಆಮ್ಲ ಇಡೀ ದಿನ ಒಸರುತ್ತಲೇ ಇರುತ್ತದೆ. ಬಯಲಿನಲ್ಲಿ ಬಿಟ್ಟರೆ ದಿನದ ಹೆಚ್ಚು ಹೊತ್ತು ಮೇಯುತ್ತಲೇ ಇರುವ ಪ್ರಾಣಿ ಅದು. ಹುಲ್ಲಿಲ್ಲದೆ ಗಂಟೆಗಟ್ಟಲೆ ನಿಲ್ಲಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಜೀನಿನ ಪಟ್ಟಿಯನ್ನು ಹೊಟ್ಟೆಗೆ ಬಿಗಿಯುವಾಗ ಕಚ್ಚಲು ಬರುವ ಕುದುರೆಗಳಲ್ಲಿ ಕೆಲವಕ್ಕೆ ಇರುವುದು ಈ ನೋವೇ. ಹುರುಳಿ, ಬೂಸಾ, ಓಟ್ಸ್ ಎಲ್ಲ ಕೊಡುತ್ತೇವೆ ಅಂತ ಹೇಳುತ್ತಾರೆ. ಕೊಡಲಿ, ಸಂತೋಷ. ಆದರೆ ಕುದುರೆಗೆ ಮುಖ್ಯ ಊಟ ಒಣಹುಲ್ಲು, ಹಸಿ ಹುಲ್ಲು, ಜೊತೆಗೆ ರೈತರು ಕುದುರೆ ಮಸಾಲೆ ಅಂತ ಕರೆಯುವ ಲೂಸರ್ನ್ ಸೊಪ್ಪು. ನೀರಿನ ತೊಟ್ಟಿ ನೋಡಿ. ಒಂದು ಕುದುರೆ ದಿನಕ್ಕೆ ಸುಮಾರು 25ರಿಂದ 45 ಲೀಟರ್ ನೀರು ಕುಡಿಯುತ್ತದೆ. ತೊಟ್ಟಿ ಖಾಲಿ ಇದ್ದರೆ, ಪಾಚಿ ಕಟ್ಟಿದ್ದರೆ, ಉಳಿದ ಆರೈಕೆಯೂ ಹಾಗೆಯೇ ಇರುತ್ತದೆ.

ಆಮೇಲೆ ಮೈ. ಒಳ್ಳೆಯ ಸ್ಥಿತಿಯಲ್ಲಿರುವ ಕುದುರೆಯ ಪಕ್ಕೆಲುಬು ಕಣ್ಣಿಗೆ ಕಾಣುವುದಿಲ್ಲ, ಕೈಯಿಟ್ಟು ಸವರಿದರೆ ತಿಳಿಯುತ್ತದೆ. ಇದನ್ನು ಅಳೆಯಲು 1983ರಲ್ಲಿ ಬಂದ ಹೆನೆಕೆ ಅಂಕ ಅಂತಲೇ ಇದೆ, 1ರಿಂದ 9ರವರೆಗೆ. 5ರ ಆಸುಪಾಸು ಸರಿಯಾದದ್ದು. ಜೀನು ಕೂರುವ ಜಾಗ, ಭುಜದ ಮೇಲಿನ ಉಬ್ಬು, ಮುಂಗಾಲಿನ ಹಿಂದೆ ಪಟ್ಟಿ ಬಿಗಿಯುವ ಕಡೆ, ಬಾಯಿಯ ಎರಡು ಮೂಲೆ: ಈ ನಾಲ್ಕು ಕಡೆ ಗಾಯ, ಕೂದಲು ಉದುರಿದ ಗುರುತು, ಬಿಳಿ ಕೂದಲಿನ ತೇಪೆ ಇದೆಯಾ ನೋಡಿ. ಕಪ್ಪು ಕುದುರೆಯ ಬೆನ್ನಿನ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಹುಟ್ಟು ಬಣ್ಣವೇ ಆಗಿರಬೇಕಿಲ್ಲ. ಎಂದೋ ಹೊಂದದ ಜೀನು ಒತ್ತಿ ಆದ ಹಳೆಯ ಗಾಯದ ಗುರುತಿರಬಹುದು. ಹೊಸ ಗಾಯ ಇದ್ದೂ ಅದರ ಮೇಲೇ ಜೀನು ಹಾಕುತ್ತಿದ್ದರೆ ಅಲ್ಲಿಂದ ವಾಪಸ್ ಬನ್ನಿ.

ಗೊರಸಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಒಬ್ಬ ಒಳ್ಳೆಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಕೆಲಸಗಾರ, ಗೊರಸು ಶುಚಿ ಮಾಡುವುದನ್ನು ನೋಡುವುದೇ ಒಂದು ಪಾಠ. ಅವನು ಕುದುರೆಯ ಪಕ್ಕಕ್ಕೆ, ಬಾಲದ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಭುಜದ ಮೇಲೆ ಇಟ್ಟ ಕೈಯನ್ನು ನಿಧಾನವಾಗಿ ಕಾಲಿನ ಉದ್ದಕ್ಕೂ ಕೆಳಗೆ ತರುತ್ತಾನೆ. ಕೈ ಗೊರಸಿನ ಮೇಲಿನ ಗಂಟಿಗೆ ಬರುವಷ್ಟರಲ್ಲಿ ಕುದುರೆಯೇ ಕಾಲು ಎತ್ತಿಕೊಡುತ್ತದೆ. ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಕೆರೆಯುತ್ತಾನೆ. ನಡುವೆ ತ್ರಿಕೋನದ ಹಾಗೆ ಇರುವ ಮೆತ್ತನೆ ಭಾಗಕ್ಕೆ ಕೊಕ್ಕೆ ತಾಗಿಸುವುದಿಲ್ಲ. ಸಗಣಿ, ಮಣ್ಣು, ಒಂದೆರಡು ಕಲ್ಲು ಉದುರುತ್ತವೆ. ಕೆಟ್ಟ ವಾಸನೆ ಬಂದರೆ ಅವನೇ ಮೂಗಿಗೆ ಹತ್ತಿರ ತಂದು ನೋಡಿ, ಔಷಧಿ ಹಾಕಬೇಕು ಅಂತ ಹೇಳುತ್ತಾನೆ. ಇಷ್ಟನ್ನೂ ಬಾಯಿ ಜೋರು ಮಾಡದೆ, ಹೊಡೆಯದೆ ಮಾಡಿದರೆ ಆ ಲಾಯದಲ್ಲಿ ಮನುಷ್ಯರಿಗೂ ಕುದುರೆಗಳಿಗೂ ನಂಬಿಕೆ ಇದೆ ಅಂತ ಅರ್ಥ. ಲಾಳ ಕಟ್ಟುವವರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಅಂತ ಕೇಳಿ. ಆರರಿಂದ ಎಂಟು ವಾರಕ್ಕೊಮ್ಮೆ ಅನ್ನುವುದು ಸರಿಯಾದ ಉತ್ತರ.

ಕುದುರೆಗಳ ಮುಖಭಾವವನ್ನೂ ಓದಿ. ನೀವು ಹತ್ತಿರ ಹೋದಾಗ ಕಿವಿ ಮುಂದೆ ಮಾಡಿ ಕುತೂಹಲದಿಂದ ನೋಡಿದರೆ ಒಳ್ಳೆಯದು. ಕಿವಿಯನ್ನು ಕತ್ತಿಗೆ ಅಂಟಿಸಿಕೊಂಡು ಹಲ್ಲು ತೋರಿಸಿದರೆ ಅದಕ್ಕೆ ಮನುಷ್ಯರಿಂದ ಕಷ್ಟ ಆಗಿರಬಹುದು. ಇನ್ನು ಕೆಲವು ಏನಕ್ಕೂ ಸ್ಪಂದಿಸದೆ ಗೋಡೆ ನೋಡಿಕೊಂಡು ನಿಂತಿರುತ್ತವೆ. ಅದನ್ನು "ತುಂಬಾ ಸಾಧು" ಅಂತ ತೋರಿಸುತ್ತಾರೆ. ಸಾಧುತನ ಬೇರೆ, ಸೋತು ಸುಮ್ಮನಾಗುವುದು ಬೇರೆ. ಈ ವ್ಯತ್ಯಾಸ ನೋಡುತ್ತಾ ನೋಡುತ್ತಾ ತಿಳಿಯುತ್ತದೆ.

ಒಂದು ಆರೋಗ್ಯದ ಮಾತು. ಗ್ಲ್ಯಾಂಡರ್ಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ. ಲಸಿಕೆ ಇಲ್ಲ. ರಕ್ತದ ಮಾದರಿಗಳ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಆಗುತ್ತದೆ. ನಿಮ್ಮ ಕುದುರೆಗಳಿಗೆ ಪರೀಕ್ಷೆ ಮಾಡಿಸಿದ್ದೀರಾ, ಪಶುವೈದ್ಯರು ಯಾರು ಬರುತ್ತಾರೆ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಚೆನ್ನಾಗಿ ನಡೆಸುವವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಯಾವ ಕುದುರೆ, ಯಾವ ಗುರು

ಬೆಂಗಳೂರಿನ ಶಾಲೆಗಳಲ್ಲಿ ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್ ತಳಿಯ ಕುದುರೆಗಳು ಬಹಳ. ಎತ್ತರ, ಸಪೂರ, ಚುರುಕು. ರೇಸಿನಲ್ಲಿ ಇವಕ್ಕೆ ಕಲಿಸಿರುವುದು ಮುಂದೆ ನುಗ್ಗುವುದನ್ನು. ಜಾಕಿ ಲಗಾಮು ಬಿಗಿ ಹಿಡಿದರೆ ಅದಕ್ಕೆ ಆತುಕೊಂಡು ಓಡುವುದು ಅವುಗಳ ಅಭ್ಯಾಸ. ಹೊಸ ಸವಾರ ಹೆದರಿ ಲಗಾಮು ಜಗ್ಗಿದರೆ ಏನಾಗುತ್ತದೆ ಊಹಿಸಿಕೊಳ್ಳಿ. ಹಾಗಂತ ಇವು ಕೆಟ್ಟ ಕುದುರೆಗಳಲ್ಲ. ತಿಂಗಳುಗಟ್ಟಲೆ ಮರುತರಬೇತಿ ಕೊಟ್ಟರೆ ಬಹಳ ಒಳ್ಳೆಯ ಗುರುಗಳಾಗುತ್ತವೆ. ಆದ್ದರಿಂದ ಕೇಳಬೇಕಾದ್ದು ಇಷ್ಟು: ಈ ಕುದುರೆ ರೇಸ್ ಬಿಟ್ಟು ಎಷ್ಟು ಕಾಲವಾಯಿತು? ಹೊಸಬರನ್ನು ಹೊರಲು ಶುರು ಮಾಡಿ ಎಷ್ಟಾಯಿತು?

ಊರಾಚೆಯ ಫಾರ್ಮ್‌ಗಳಲ್ಲಿ ಮಾರ್ವಾರಿ, ಕಾಠಿಯಾವಾಡಿ ಕುದುರೆಗಳನ್ನೂ ಕಾಣಬಹುದು. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಹಾಗಿದ್ದರೆ ಅವು ಈ ತಳಿಗಳವು. ನೋಡಲು ಬಲು ಚೆಂದ, ಬಹಳ ಚುರುಕು. ಮದುವೆ ಮೆರವಣಿಗೆಗೆ ಕುಣಿಯಲು ಕಲಿಸಿದ ಕುದುರೆಯ ಮೇಲೆ ಮಾತ್ರ ಪಾಠ ಬೇಡ. ಸಣ್ಣ ಸನ್ನೆಗೂ ಮುಂಗಾಲು ಎತ್ತುವುದನ್ನು ಅದಕ್ಕೆ ಅಭ್ಯಾಸ ಮಾಡಿಸಿರುತ್ತಾರೆ.

ತರಬೇತುದಾರರನ್ನು ಅಳೆಯಲು ಒಂದು ಹೊಸಬರ ಪಾಠ ಪೂರ್ತಿ ನೋಡಿ. ಹತ್ತುವ ಮೊದಲು ಅವರೇ ಬಂದು ಹೊಟ್ಟೆಪಟ್ಟಿ ಇನ್ನೊಮ್ಮೆ ಬಿಗಿಯುತ್ತಾರಾ? ಜೀನು ಹಾಕುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ. ನಾಲ್ಕು ಹೆಜ್ಜೆ ನಡೆದ ಮೇಲೆ ಪಟ್ಟಿ ಸಡಿಲವಾಗಿ ಜೀನು ಪಕ್ಕಕ್ಕೆ ಜಾರುತ್ತದೆ. ಇದನ್ನು ನೋಡದ ಗುರು ಉಳಿದದ್ದನ್ನೂ ನೋಡುವುದಿಲ್ಲ. ಕಟ್ಟೆ ಅಥವಾ ಮೆಟ್ಟಿಲ ಮೇಲಿಂದ ಹತ್ತಿಸುತ್ತಾರಾ? ನೆಲದಿಂದ ಜಗ್ಗಿ ಹತ್ತಿದರೆ ಕುದುರೆಯ ಬೆನ್ನಿಗೆ ನೋವು. ಪಾಠದ ನಡುವೆ ಫೋನ್ ನೋಡುತ್ತಾರಾ? ಬಿದ್ದರೆ ಏನು ಮಾಡಬೇಕು ಅಂತ ಮೊದಲೇ ಹೇಳುತ್ತಾರಾ? ಒಂದು ಪಾಠದಲ್ಲಿ ಒಬ್ಬ ಗುರುವಿಗೆ ಎಂಟು ಹತ್ತು ಹೊಸಬರು ಇದ್ದರೆ ಅದು ಪಾಠ ಅಲ್ಲ, ಮೆರವಣಿಗೆ.

ಮೊದಲ ದಿನವೇ "ಓಡಿಸಿ ನೋಡ್ತೀರಾ?" ಅಂತ ಆಸೆ ತೋರಿಸುವವರಿಂದ ದೂರ ಇರಿ.

ಹೆಲ್ಮೆಟ್, ಬೂಟು, ಟಿಟಿ

ಹೆಲ್ಮೆಟ್‌ಗೆ ರಾಜಿ ಬೇಡ. ಬೈಕಿನದ್ದೂ ಸೈಕಲ್ಲಿನದ್ದೂ ನಡೆಯುವುದಿಲ್ಲ. ಕುದುರೆಯಿಂದ ಬೀಳುವ ರೀತಿಯೇ ಬೇರೆ, ಹೆಲ್ಮೆಟ್ ತಲೆಯ ಹಿಂಭಾಗವನ್ನೂ ಕಾಯಬೇಕು. ಒಳಗಿನ ಚೀಟಿಯಲ್ಲಿ ಎಎಸ್‌ಟಿಎಂ ಎಫ್1163, ಪಿಎಎಸ್ 015, ಇಎನ್ 1384 ಈ ಸುರಕ್ಷತಾ ಗುಣಮಟ್ಟದ ಗುರುತುಗಳಲ್ಲಿ ಒಂದಾದರೂ ಇರಬೇಕು. ಹಾಕಿಕೊಂಡು ಪಟ್ಟಿ ಬಿಗಿಯದೆ ತಲೆ ಅಲ್ಲಾಡಿಸಿ. ಜಾರಿದರೆ ಅಳತೆ ದೊಡ್ಡದು. ಶಾಲೆಯವರೇ ಕೊಡುತ್ತಾರೆ ನಿಜ, ಆದರೆ ಅದು ಹಿಂದೆ ಎಷ್ಟು ಸಲ ಬಿದ್ದಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಜೋರಾಗಿ ಒಮ್ಮೆ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಕುಸಿದಿರುತ್ತದೆ. ಮುಂದುವರಿಯುತ್ತೇನೆ ಅಂತ ಮನಸ್ಸು ಗಟ್ಟಿಯಾದ ತಕ್ಷಣ ಕೊಳ್ಳಬೇಕಾದ ಮೊದಲ ವಸ್ತು ಸ್ವಂತ ಹೆಲ್ಮೆಟ್.

ಕಾಲಿಗೆ ಒಂದಿಂಚಿನಷ್ಟು ಹಿಮ್ಮಡಿ ಇರುವ, ಅಡಿ ನುಣುಪಾಗಿರುವ ಬೂಟು. ಹಿಮ್ಮಡಿ ಇಲ್ಲದ ಶೂನಲ್ಲಿ ಪಾದ ರಿಕಾಪಿನ (ಕಾಲಿಡುವ ಬಳೆ) ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಬಿದ್ದಾಗ ಕುದುರೆ ಎಳೆದುಕೊಂಡು ಹೋಗುವುದು ಹೀಗೇ. ಜೀನ್ಸ್‌ಗಿಂತ ಮೈಗೆ ಅಂಟುವ, ಹಿಗ್ಗುವ ಪ್ಯಾಂಟ್ ವಾಸಿ. ಜೀನ್ಸಿನ ಒಳಹೊಲಿಗೆ ಮಂಡಿ ಹತ್ತಿರ ಚರ್ಮ ಕಿತ್ತುಬಿಡುತ್ತದೆ. ದುಪಟ್ಟಾ, ಸ್ಕಾರ್ಫ್, ಜೋತಾಡುವ ಓಲೆ ಬೇಡ.

ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ನೆನಪಿಲ್ಲದಿದ್ದರೆ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ. ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಕುದುರೆಯ ಲದ್ದಿಯಲ್ಲಿ ಇರುತ್ತದೆ. ಲಾಯದಲ್ಲಿ ಒಂದು ಮೊಳೆ ಗೀರಿದರೂ ಸಾಕು. ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರ ಒಪ್ಪಿಗೆ ಇಲ್ಲದೆ ಹತ್ತಬಾರದು.

ಮೊದಲ ಪಾಠಗಳಲ್ಲಿ ಏನಾಗುತ್ತದೆ

ಒಳ್ಳೆಯ ಶಾಲೆಯಲ್ಲಿ ಮೊದಲ ಪಾಠ ನೆಲದ ಮೇಲೆ ಶುರುವಾಗುತ್ತದೆ. ಕುದುರೆಯ ಹತ್ತಿರ ಹೋಗುವುದು ಭುಜದ ಕಡೆಯಿಂದ. ನೇರ ಹಿಂದೆ ಮತ್ತು ಹಣೆಯ ಮುಂದೆಯೇ ಇರುವುದು ಅದಕ್ಕೆ ಕಾಣುವುದಿಲ್ಲ. ಎಡಗಡೆಯಿಂದ ಹತ್ತುವುದು, ಲಗಾಮು ಹಿಡಿಯುವುದು, ಇಳಿಯುವುದು. ಆಮೇಲೆ ಗುರು ಉದ್ದನೆಯ ಹಗ್ಗ ಹಿಡಿದು ಕುದುರೆಯನ್ನು ತನ್ನ ಸುತ್ತ ವೃತ್ತದಲ್ಲಿ ನಡೆಸುತ್ತಾರೆ. ಓಟ ಅವರ ಕೈಯಲ್ಲಿ, ಸಮತೋಲನ ನಿಮ್ಮದು. ಕೈ ಬಿಡಿಸಿ ಎರಡು ಪಕ್ಕಕ್ಕೆ ಚಾಚಲು ಹೇಳುತ್ತಾರೆ. ಹೆದರಿಕೆ ಆಗುತ್ತದೆ. ಆದರೂ ಮಾಡಿ. ಲಗಾಮನ್ನು ಹಿಡಿಕೆಯ ಹಾಗೆ ನೆಚ್ಚಿಕೊಳ್ಳುವ ಚಾಳಿ ಇಲ್ಲೇ ಬಿಡಬೇಕು. ಅದರ ಇನ್ನೊಂದು ತುದಿಯಲ್ಲಿ ಇರುವುದು ಕಬ್ಬಿಣದ ಕಡಿವಾಣ, ಅದು ಇರುವುದು ಕುದುರೆಯ ಬಾಯಲ್ಲಿ.

ನಡಿಗೆ ಆದ ಮೇಲೆ ಟ್ರಾಟ್, ನಮ್ಮ ಹಿರಿಯರು ಕುಕ್ಕುಲೋಟ ಅನ್ನುತ್ತಿದ್ದದ್ದು. ಹೆಸರಿಗೆ ತಕ್ಕ ಹಾಗೆ ಕುಕ್ಕುತ್ತದೆ. ಎರಡು ಬಡಿತಕ್ಕೆ ಒಮ್ಮೆ ಎದ್ದು ಕೂರುವ ಲಯ ಸಿಗುವವರೆಗೆ ಮೈಯೆಲ್ಲ ನೋವು. ಹೊಸಬರು ಬಿಟ್ಟುಬಿಡುವುದು ಹೆಚ್ಚಾಗಿ ಈ ಹಂತದಲ್ಲಿ. ದಯವಿಟ್ಟು ಬಿಡಬೇಡಿ. ಒಂದು ದಿನ ಇದ್ದಕ್ಕಿದ್ದಂತೆ ಲಯ ಕೂಡಿಕೊಳ್ಳುತ್ತದೆ, ಆಮೇಲೆ ಮೈ ಅದನ್ನು ಮರೆಯುವುದಿಲ್ಲ. ಟ್ರಾಟ್‌ಗಿಂತ ವೇಗದ ಓಟವಾದ ಕ್ಯಾಂಟರ್ ಇದಾದ ಎಷ್ಟೋ ಪಾಠಗಳ ನಂತರ. ನಾಗಾಲೋಟ ಅಂತೂ ಸದ್ಯಕ್ಕೆ ಮರೆತುಬಿಡಿ.

ಪಾಠ ಮುಗಿದ ಕೂಡಲೇ ಕಾರು ಹತ್ತಿ ಹೊರಡಬೇಡಿ. ಕುದುರೆಯನ್ನು ನಡೆಸಿ ತಂಪು ಮಾಡುವುದು, ಜೀನು ಇಳಿಸಿ ಬೆವರಿನ ಗುರುತು ನೋಡುವುದು, ಮೈ ಉಜ್ಜುವುದನ್ನು ಸೈಸ್ ಜೊತೆ ನಿಂತು ಕಲಿಯಿರಿ. ಜೀನಿನ ಕೆಳಗೆ ಬೆವರು ಎರಡೂ ಕಡೆ ಸಮವಾಗಿ ಇದ್ದರೆ ಜೀನು ಸರಿಯಾಗಿ ಕೂತಿದೆ, ನೀವೂ ನೆಟ್ಟಗೆ ಕೂತಿದ್ದೀರಿ ಅನ್ನಬಹುದು. ಸೈಸ್‌ಗಳು ಲಾಯದಲ್ಲೇ ಬದುಕುವವರು. ಅವರ ಹೆಸರು ಕೇಳಿ, ಮರ್ಯಾದೆಯಿಂದ ಮಾತಾಡಿಸಿ. ಯಾವ ಕುದುರೆಗೆ ಯಾವುದು ಇಷ್ಟ, ಯಾವುದು ಮಳೆಗೆ ಬೆದರುತ್ತೆ ಅನ್ನುವುದೆಲ್ಲ ಅವರಿಗೇ ಗೊತ್ತು.

ಮಕ್ಕಳಿಗಾದರೆ

ಆರೇಳು ವರ್ಷ ಆಗಿ, ಹೇಳಿದ ಮಾತು ಕೇಳಿ ಮಾಡುವ ಮಗುವಾದರೆ ಪಾಠ ಶುರು ಮಾಡಬಹುದು. ಅದಕ್ಕಿಂತ ಚಿಕ್ಕವರಿಗೆ ಒಬ್ಬರು ಕುದುರೆ ಹಿಡಿದು, ಇನ್ನೊಬ್ಬರು ಪಕ್ಕದಲ್ಲಿ ನಡೆಯುವ ಸವಾರಿ ಸಾಕು. ಮಕ್ಕಳಿಗೆ ಪೋನಿ ಇದೆಯಾ ಕೇಳಿ. 14.2 ಹ್ಯಾಂಡ್, ಅಂದರೆ ಸುಮಾರು 148 ಸೆಂಟಿಮೀಟರ್‌ವರೆಗಿನ ಎತ್ತರದ್ದು ಪೋನಿ ಲೆಕ್ಕ. ಬೇಸಿಗೆ ಶಿಬಿರಕ್ಕೆ ಕಳಿಸುವುದಾದರೆ ಶಿಬಿರದ ಮೊದಲ ದಿನ ನೀವೂ ಇದ್ದು ನೋಡಿ. ಆ ತಿಂಗಳುಗಳಲ್ಲಿ ಮಕ್ಕಳು ಜಾಸ್ತಿ, ಕುದುರೆಗಳು ಅಷ್ಟೇ.

ದುಡ್ಡಿನ ಲೆಕ್ಕ

ಮೂರು ತಿಂಗಳ ಪ್ಯಾಕೇಜ್ ತೆಗೆದುಕೊಂಡರೆ ರಿಯಾಯಿತಿ ಅಂತ ಹೇಳಿಯೇ ಹೇಳುತ್ತಾರೆ. ಒಂದು ಬಿಡಿ ಪಾಠ ಮಾಡದೆ ಕಟ್ಟಬೇಡಿ. ಕಟ್ಟುವಾಗ ಬರವಣಿಗೆಯಲ್ಲಿ ಕೇಳಿಕೊಳ್ಳಿ: ಮಳೆ ಬಂದು ಪಾಠ ನಿಂತರೆ ಬದಲಿ ಪಾಠ ಇದೆಯಾ, ಪಾಠ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಸದಸ್ಯತ್ವ ಶುಲ್ಕ ಬೇರೆಯಾ, ಠೇವಣಿ ವಾಪಸ್ ಬರುತ್ತಾ. ಅಪಾಯಕ್ಕೆ ನಾವು ಹೊಣೆಯಲ್ಲ ಅನ್ನುವ ಕಾಗದಕ್ಕೆ ಸಹಿ ಕೇಳುತ್ತಾರೆ, ಓದಿ ಸಹಿ ಮಾಡಿ. ನಿಮ್ಮ ಅಪಘಾತ ವಿಮೆಯಲ್ಲಿ ಕುದುರೆ ಸವಾರಿ ಹೊರಗಿಟ್ಟಿದ್ದಾರಾ ಅಂತಲೂ ನೋಡಿ. ಸುತ್ತಮುತ್ತಲಿನ ಬೇರೆಲ್ಲರಿಗಿಂತ ತೀರಾ ಅಗ್ಗಕ್ಕೆ ಕಲಿಸುತ್ತೇವೆ ಅಂದರೆ ಆ ಉಳಿತಾಯ ಬರುವುದು ಹೆಚ್ಚಾಗಿ ಕುದುರೆಯ ಹುಲ್ಲಿನಿಂದ, ಸೈಸ್‌ಗಳ ಸಂಬಳದಿಂದ.

ಊರಾಚೆ: ಹೊಲದ ದಾರಿ, ಮೈಸೂರು, ಊಟಿ

ಅರೀನಾದಲ್ಲಿ ನಡಿಗೆ, ಟ್ರಾಟ್, ಕ್ಯಾಂಟರ್ ಮೂರರಲ್ಲೂ ಕುದುರೆಯನ್ನು ನಿಲ್ಲಿಸಲು, ತಿರುಗಿಸಲು ಬಂದ ಮೇಲೆ ಹೊರಗಿನ ಸವಾರಿಗೆ ಹೋಗಿ. ದೇವನಹಳ್ಳಿ ಕಡೆ ದ್ರಾಕ್ಷಿ ತೋಟ, ರಾಗಿ ಹೊಲಗಳ ಬದಿಯ ಮಣ್ಣು ದಾರಿಗಳು ಇನ್ನೂ ಉಳಿದಿವೆ. ನವೆಂಬರ್–ಡಿಸೆಂಬರ್ ಬೆಳಗು ಅಲ್ಲಿ ಬಹಳ ಹಿತ. ಮುಂದೆ ಒಬ್ಬರು, ಹಿಂದೆ ಒಬ್ಬರು ಅನುಭವಿಗಳು ಇರಲೇಬೇಕು. ಪ್ಲಾಸ್ಟಿಕ್ ಚೀಲ ಹಾರಿದರೆ, ನಾಯಿ ಬೊಗಳಿದರೆ, ಟಿಪ್ಪರ್ ಹಾರ್ನ್ ಹೊಡೆದರೆ ಕುದುರೆ ಬೆದರುತ್ತದೆ. ಡಾಂಬರು ರಸ್ತೆ ದಾಟುವಾಗ ನಡಿಗೆ ಮಾತ್ರ, ಲಾಳ ಜಾರುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಎಂಟರೊಳಗೆ ಮುಗಿಸಿ.

ಮೈಸೂರಿನಲ್ಲಿ ಕರ್ನಾಟಕ ಸಶಸ್ತ್ರ ಮೀಸಲು ಪೊಲೀಸ್ ಅಶ್ವದಳ ಇದೆ. ದಸರಾ ಜಂಬೂ ಸವಾರಿಯಲ್ಲಿ, ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ನೀವು ನೋಡುವ ಕುದುರೆಗಳು ಅವರವೇ. ಸಾರ್ವಜನಿಕರಿಗೂ ಸವಾರಿ ಕಲಿಸಿದ್ದಾರೆ, ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಿದ್ದಾರೆ. ಮೈಸೂರಿನಲ್ಲಿ ಅಜ್ಜಿ ಮನೆಯೋ ಅತ್ತೆ ಮನೆಯೋ ಇದ್ದರೆ ಏಪ್ರಿಲ್‌ಗೆ ಮೊದಲೇ ವಿಚಾರಿಸಿ.

ಊಟಿಯ ಬೋಟ್ ಹೌಸ್ ಹತ್ತಿರ, ಗುಡ್ಡದ ಬಯಲುಗಳಲ್ಲಿ ಸಿಗುವ ಕುದುರೆಗಳಿಗೂ ಇದೇ ಕಣ್ಣು ಇಟ್ಟು ನೋಡಿ. ಬೆನ್ನಿನ ಮೇಲೆ ಗಾಯ ಇದ್ದರೆ, ಕುಂಟುತ್ತಿದ್ದರೆ ಹತ್ತಬೇಡಿ, ಯಾಕೆ ಹತ್ತುತ್ತಿಲ್ಲ ಅಂತ ಮಾಲೀಕರಿಗೆ ಹೇಳಿ. ಹೊರೆ ಪ್ರಾಣಿಗಳ ನಿಯಮದ ಪ್ರಕಾರ ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಅವರಿಗೂ ಹೊಟ್ಟೆಪಾಡು, ಜಗಳ ಬೇಡ. ಚೆನ್ನಾಗಿ ಸಾಕಿದ ಕುದುರೆಯವರನ್ನೇ ಹುಡುಕಿ, ಎರಡು ಕಾಸು ಜಾಸ್ತಿ ಕೊಟ್ಟು ಅದರ ಮೇಲೆ ಹತ್ತಿ. ನಗರದಲ್ಲಿ ತೀರಾ ಹಿಂಸೆ ಕಂಡರೆ ಪೊಲೀಸರಿಗೆ, ಪಶುಪಾಲನಾ ಇಲಾಖೆಗೆ, ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗೆ ಫೋಟೋ ಸಮೇತ ತಿಳಿಸಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕುದುರೆಗೂ ಇದೆ.

ಕಲಿಯುತ್ತಾ ಆರು ತಿಂಗಳಾಗುವಷ್ಟರಲ್ಲಿ ಯಾರಾದರೂ ಬಂದು "ಒಂದು ಕುದುರೆ ತಗೊಂಡ್ಬಿಡಿ, ಅಗ್ಗಕ್ಕೆ ಕೊಡಿಸ್ತೀನಿ" ಅನ್ನುತ್ತಾರೆ. ಕುದುರೆಯ ಬೆಲೆ ದೊಡ್ಡದಲ್ಲ. ಲಾಯದ ಬಾಡಿಗೆ, ಹುಲ್ಲು, ಸೈಸ್, ಲಾಳ, ವೈದ್ಯರು, ಹಲ್ಲಿನ ಚೂಪು ಅಂಚು ಅರೆಸುವುದು, ಇವುಗಳ ಖರ್ಚು ನಿಲ್ಲುವುದೇ ಇಲ್ಲ. ಕುದುರೆ 25–30 ವರ್ಷ ಬದುಕುತ್ತದೆ. ಅಷ್ಟು ಕಾಲ ನೋಡಿಕೊಳ್ಳುವ ಏರ್ಪಾಡು ಆಗುವವರೆಗೆ ಶಾಲೆಯ ಕುದುರೆಯೊಂದನ್ನೇ ವಾರಕ್ಕೆ ಮೂರು ದಿನ ನಿಮಗೆ ಮೀಸಲಿಡಲು ತಿಂಗಳ ಲೆಕ್ಕದಲ್ಲಿ ಮಾತಾಡಿ. ಕೆಲವು ಶಾಲೆಗಳು ಇದಕ್ಕೆ ಒಪ್ಪುತ್ತವೆ.